ಹುಟ್ಟು ಅಲ್ಲಾಡಿಸಬೇಡ

ಹೋದ ಆಷಾಢದ ಒಂದು ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ತುಮಕೂರಿನ ಅಮಾನಿಕೆರೆಗೆ ಹೋಗಿದ್ದೆ. ಆರನೇ ಕ್ಲಾಸಿನ ಹುಡುಗಿ, ಪೆಡಲ್ ದೋಣಿ ಹತ್ತಬೇಕೆಂದು ಒಂದು ತಿಂಗಳಿಂದ ಹಟ ಹಿಡಿದಿದ್ದಳು. ಮೋಡ ಕವಿದಿತ್ತು. ಹನಿ ಬಿದ್ದರೆ ಇರಲಿ ಎಂದು ಅವಳಜ್ಜಿ ಕೊಡೆ ಕೊಟ್ಟು ಕಳಿಸಿದ್ದಳು. ಕೆರೆಯ ನಡುಮಧ್ಯಕ್ಕೆ ಹೋಗುವಷ್ಟರಲ್ಲಿ ನನ್ನ ಮಂಡಿ ಸೋತಿತು, ತುಳಿಯುವುದನ್ನು ನಿಲ್ಲಿಸಿದೆ. ಅವಳೂ ನಿಲ್ಲಿಸಿದಳು. ಅಷ್ಟು ಹೊತ್ತಿಗೆ ನಾಲ್ಕು ಹನಿ ಬಿದ್ದವು. ಅವಳು ಕೊಡೆ ಬಿಚ್ಚಿದಳು. ಪಡುವಲಿಂದ ಬಂದ ಗಾಳಿ ಕೊಡೆಯೊಳಕ್ಕೆ ನುಗ್ಗಿತು. ದೋಣಿ ತಾನಾಗಿ ಹೊರಟಿತು.

"ತಾತ, ಯಾರೂ ತುಳೀತಿಲ್ಲ, ಆದ್ರೂ ಹೋಗ್ತಿದೆ ನೋಡು!"

ಹತ್ತು ಮಾರು ಹೋಗಿರಬೇಕು, ದೋಣಿಯ ಮೂತಿ ಒಂದು ಪಕ್ಕಕ್ಕೆ ತಿರುಗತೊಡಗಿತು. ಅವಳು ಗಾಬರಿಯಿಂದ ನಡುವಿನ ಹಿಡಿಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುವಿದಳು. ನನ್ನ ಬಾಯಿಂದ ಮಾತು ಬಂತು: "ಅಲ್ಲಾಡಿಸ್ಬೇಡ ಕಣಮ್ಮ. ಹಂಗೇ ಹಿಡ್ಕೊಂಡಿರು. ಅಲ್ಲಾಡಿಸ್ಬೇಡ."

ಯೋಚಿಸಿ ಆಡಿದ ಮಾತಲ್ಲ ಅದು. ಬೆಂಗಳೂರಿನ ಹಲಸೂರು ಕೆರೆಯಲ್ಲಿ, ಮೂವತ್ತಾರನೇ ವಯಸ್ಸಿನಲ್ಲಿ, ಹಾಯಿದೋಣಿ ನಡೆಸಲು ಕಲಿಯುವಾಗ ನನ್ನ ಗುರು ದಿನಕ್ಕೆ ನೂರು ಸಲ ಹೇಳುತ್ತಿದ್ದ ಮಾತು, ಅಲ್ಲಿಂದಲೇ ಬಂದಿದೆ ಎಂದುಕೊಂಡೆ. ಆದರೆ ಆತ ಕನ್ಯಾಕುಮಾರಿ ಕಡೆಯವನು. ತಮಿಳು ಬೆರೆತ ಹಿಂದಿಯಲ್ಲಿ ಹೇಳುತ್ತಿದ್ದ. "ಹಂಗೇ ಹಿಡ್ಕೊಂಡಿರು" ಎಂದು ನಮ್ಮೂರ ರಾಗದಲ್ಲಿ ನನ್ನೊಳಗೆ ಹೇಳಿದ್ದು ಬೇರೆ ಯಾರೋ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಜಾವದ ಹೊತ್ತಿಗೆ ಆ ದನಿ ಯಾರದೆಂದು ಗೊತ್ತಾಯಿತು.

ನಮ್ಮೂರು ಗುಬ್ಬಿ ತಾಲ್ಲೂಕಿನ ಕಡಬದ ಹತ್ತಿರ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ ಹೊಳೆಗೆ ಅಡ್ಡಲಾಗಿ ಕಡಬದ ಕೆರೆ ಕಟ್ಟಿದ್ದಾರೆ. ಲಂಕೆಯಿಂದ ಹಿಂದಿರುಗುವಾಗ ರಾಮ ಇಲ್ಲಿ ಬೀಡು ಬಿಟ್ಟಿದ್ದ, ಸೀತೆ ಕೇಳಿದಳೆಂದು ಹೊಳೆಗೆ ಕಟ್ಟೆ ಹಾಕಿಸಿದ ಎಂದು ಹಿರಿಯರು ಹೇಳುತ್ತಿದ್ದರು. ನನಗೆ ಎಂಟು ವರ್ಷ, ಅಂದರೆ 1970ರ ಆಸುಪಾಸು. ಬೆಸ್ತರ ಕೇರಿಯ ತಾತನೊಬ್ಬ ಆ ಕೆರೆಯಲ್ಲಿ ಹರಿಗೋಲು ಹಾಕುತ್ತಿದ್ದ. ಬಿದಿರಿನ ದಬ್ಬೆ ಹೆಣೆದು ಮಾಡಿದ ದುಂಡು ಬುಟ್ಟಿ, ಹೊರಗೆ ಎಮ್ಮೆ ಚರ್ಮ. ಒಣಗಿಸಲು ಬೋರಲು ಹಾಕಿದಾಗ ದೊಡ್ಡ ಆಮೆ ಮಲಗಿದ ಹಾಗೆ ಕಾಣುತ್ತಿತ್ತು. ತಾತನ ಎದೆಯಲ್ಲಿ ಮಾಂಸವೇ ಇರಲಿಲ್ಲ, ಭುಜ ಮಾತ್ರ ಗೂಳಿಯದು. ಶಾಲೆ ಬಿಟ್ಟವನೇ ಚೀಲವನ್ನು ಏರಿಯ ಮೇಲಿನ ಹುಣಸೆ ಮರಕ್ಕೆ ನೇತುಹಾಕಿ ಅವನ ಹಿಂದೆ ಓಡುತ್ತಿದ್ದೆ. ಮನೆಯಲ್ಲಿ ಗೊತ್ತಾದರೆ ಏಟು ಬೀಳುತ್ತಿತ್ತು. ನೀರಿನ ಭಯಕ್ಕೊಂದು, ಬೆಸ್ತರ ಹರಿಗೋಲಿನಲ್ಲಿ ಕೂತೆನೆಂಬುದಕ್ಕೆ ಇನ್ನೊಂದು. ಈ ಎರಡನೆಯದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದ್ದದ್ದು ಹಾಗೆ.

ಆಷಾಢದಲ್ಲಿ ಪಡುವಲ ಗಾಳಿ ಏಳುತ್ತದೆ. ಮಳೆ ಬರಲಿ ಬಿಡಲಿ, ನಮ್ಮ ಕಡೆ ಗಾಳಿಗೆ ಬರವಿಲ್ಲ. ಮಕ್ಕಳು ಗಾಳಿಪಟ ಹಾರಿಸುವ ಕಾಲ. ತಾತ ಸಂಜೆ ಬಲೆ ಬಿಡಲು ಪಡುವಲ ದಡಕ್ಕೆ ಹೋಗುತ್ತಿದ್ದ. ಹೋಗುವಾಗ ಗಾಳಿಗೆ ಎದುರು. ಹುಟ್ಟು ಹಾಕಿ ಹಾಕಿ ಅವನ ಬೆನ್ನಿನ ಮೇಲೆ ಬೆವರು ಕಾಲುವೆಯಾಗುತ್ತಿತ್ತು. ಒಂದು ಮಾರು ಮುಂದೆ ಹೋದರೆ ಗಾಳಿ ಅರ್ಧ ಮಾರು ಹಿಂದಕ್ಕೆ ತಳ್ಳುತ್ತಿತ್ತು. ಬಲೆ ಬಿಟ್ಟು ಹಿಂದಿರುಗುವಾಗ ಮಾತ್ರ ಅವನ ಮುಖ ಬೇರೆಯಾಗುತ್ತಿತ್ತು. ಹುಟ್ಟನ್ನು ನನ್ನ ಕೈಗೆ ಕೊಟ್ಟು ಹಿಂದುಗಡೆ ಕೂರಿಸುತ್ತಿದ್ದ. ತಾನು ಎದ್ದು ನಿಂತು, ಉಟ್ಟ ಪಂಚೆ ಬಿಚ್ಚಿ, ಬರೀ ಲಂಗೋಟಿಯಲ್ಲಿ, ಪಂಚೆಯ ಕೆಳಗಿನ ಎರಡು ತುದಿಗಳನ್ನು ಕಾಲಡಿ ತುಳಿದು ಮೇಲಿನ ಎರಡು ತುದಿಗಳನ್ನು ಎತ್ತಿ ಹಿಡಿಯುತ್ತಿದ್ದ. ಪಂಚೆ ಬಸುರಿಯ ಹೊಟ್ಟೆಯಂತೆ ಉಬ್ಬುತ್ತಿತ್ತು. ಹರಿಗೋಲು ಮೂಡಲ ದಡದ ಕಡೆಗೆ ಓಡುತ್ತಿತ್ತು.

ದುಂಡನೆಯದಕ್ಕೆ ಮೂತಿ ಎಲ್ಲಿ, ಬಾಲ ಎಲ್ಲಿ? ಬಿಟ್ಟರೆ ಗಿರಗಿರನೆ ಸುತ್ತುತ್ತದೆ. ಅದಕ್ಕೇ ನನ್ನ ಕೈಗೆ ಹುಟ್ಟು. ನೀರಿನಲ್ಲಿ ಅದ್ದಿ ಸುಮ್ಮನೆ ಹಿಡಿದಿರಬೇಕಿತ್ತು. ಎಂಟು ವರ್ಷದ ಕೈ ಸುಮ್ಮನಿರುತ್ತದೆಯೇ? ಆ ಕಡೆ ಈ ಕಡೆ ಆಡಿಸುತ್ತಿದ್ದೆ. ತಾತ ಹಿಂದೆ ತಿರುಗದೆ, ಪಂಚೆಯೊಳಗಿಂದಲೇ ಕೂಗುತ್ತಿದ್ದ: "ಹುಟ್ಟು ಅಲ್ಲಾಡಿಸ್ಬೇಡ ಕಣ್ಲಾ. ಹಂಗೇ ಹಿಡ್ಕೊಂಡಿರು."

ಇಷ್ಟು ವರ್ಷ ಪಂಚೆಯ ಚಿತ್ರ ಮಾತ್ರ ನನ್ನಲ್ಲಿ ಉಳಿದಿತ್ತು. ನನ್ನ ಕೈಯಲ್ಲಿ ಹುಟ್ಟು ಇತ್ತೆಂಬುದು ಪೂರ್ತಿ ಅಳಿಸಿಹೋಗಿತ್ತು. ಅಮಾನಿಕೆರೆಯ ಪ್ಲಾಸ್ಟಿಕ್ ದೋಣಿಯಲ್ಲಿ ಅದು ವಾಪಸ್ಸು ಬಂತು.

1981ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿದೆ. 1780ರಿಂದ ಇರುವ ಪಡೆ ಅದು. ಸೇತುವೆ ಕಟ್ಟುವುದು, ಹೊಳೆ ದಾಟಿಸುವುದು, ನೆಲಬಾಂಬು ತೆಗೆಯುವುದು ಕೆಲಸ. ಸೈನ್ಯದಲ್ಲೆಲ್ಲ ನಮ್ಮನ್ನು ತಂಬಿಗಳೆಂದೇ ಕರೆಯುತ್ತಾರೆ. ಈಜು ಗೊತ್ತಿದೆಯೇ ಎಂದಾಗ ಕೈ ಎತ್ತಿದ್ದರಿಂದ ನನ್ನನ್ನು ದೋಣಿಗೆ ಹಾಕಿದರು. ದೋಣಿಯ ಹಿಂಭಾಗಕ್ಕೆ ತಗುಲಿಹಾಕುವ ಔಟ್‌ಬೋರ್ಡ್ ಮೋಟರು, 40 ಅಶ್ವಶಕ್ತಿಯದು. ಹಗ್ಗ ಎಳೆದ ಕೂಡಲೇ ಅದು ಗುಡುಗಿದಾಗ ನನ್ನ ಮೈಯೆಲ್ಲ ಗುಡುಗಿತು. ಹದಿನೇಳು ವರ್ಷ ಆ ಹಿಡಿ ನನ್ನ ಕೈಯಲ್ಲಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸುವ ಹದ, ಚಳಿಯಲ್ಲಿ ಚೋಕ್ ಎಷ್ಟು ಎಳೆಯಬೇಕು, ಪಂಕ ಬಂಡೆಗೆ ತಗುಲಿದರೆ ಮುರಿಯುವ ಪುಟ್ಟ ಶಿಯರ್ ಪಿನ್ನು, ಅದನ್ನು ಕತ್ತಲಲ್ಲಿ ಎದೆಮಟ್ಟ ನೀರಿನಲ್ಲಿ ನಿಂತು ಬದಲಿಸುವುದು, ಇವು ನನ್ನ ವಿದ್ಯೆ. ಜೇಬಿನಲ್ಲಿ ಸದಾ ನಾಲ್ಕು ಪಿನ್ನು ಇಟ್ಟುಕೊಂಡಿರುತ್ತಿದ್ದೆ. ಮದುವೆಯ ದಿನವೂ ಇದ್ದವು.

ಒಂದು ಮಳೆಗಾಲ ಗೋದಾವರಿ ದಂಡೆಯಲ್ಲಿದ್ದೆವು. ತೆಂಗಿನ ತೋಟಗಳೆಲ್ಲ ನೆರೆನೀರಿನಲ್ಲಿ. ಶಾಲೆಯೊಂದರ ತಾರಸಿಯ ಮೇಲೆ ಜನ. ಸೆಳೆತಕ್ಕೆ ಎದುರಾಗಿ ದೋಣಿ ನಿಲ್ಲಿಸಲು ಮೋಟರಿನ ಪೂರ್ತಿ ಶಕ್ತಿ ಬೇಕಾಗುತ್ತಿತ್ತು. ಜನರ ಹತ್ತಿರ ಬಂದಾಗ ಪಂಕ ಯಾರ ಕಾಲಿಗೂ ತಗುಲಬಾರದೆಂದು ಮೋಟರು ಬಂದ್ ಮಾಡಿ ಮೇಲೆತ್ತಿ, ಕೊನೆಯ ಹತ್ತು ಮಾರನ್ನು ಕೈಹುಟ್ಟಿನಲ್ಲೇ ಹೋಗುತ್ತಿದ್ದೆವು. ಆ ಹತ್ತು ಮಾರಿನಲ್ಲಿ ಇದ್ದಕ್ಕಿದ್ದಂತೆ ಎಲ್ಲವೂ ಕೇಳಿಸುತ್ತಿತ್ತು. ಮಗುವಿನ ಅಳು, ಗೋಡೆಗೆ ಬಡಿಯುವ ನೀರು, ಎಲ್ಲೋ ಕಟ್ಟಿಹಾಕಿದ ಎಮ್ಮೆಯ ಕೂಗು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಹಾಯಿಯ ಬಗ್ಗೆ ಎಷ್ಟೇ ಪ್ರೀತಿಯಿಂದ ಬರೆದರೂ ಒಂದು ಮಾತು ಮೊದಲೇ ಸ್ಪಷ್ಟವಿರಲಿ. ಆ ತಾರಸಿಯ ಮೇಲಿದ್ದವರನ್ನು ಇಳಿಸಿದ್ದು ಮೋಟರು. ಹಾಯಿ ಕಟ್ಟಿಕೊಂಡು ಅಲ್ಲಿಗೆ ಯಾರೂ ಹೋಗಲಾರರು.

1984ರಲ್ಲಿ ರಜೆಗೆ ಊರಿಗೆ ಬಂದಿದ್ದೆ. ಇಪ್ಪತ್ತೆರಡರ ಹುಡುಗ, ಮಿಲ್ಟ್ರಿ ಕ್ರಾಪು, ಹೊಸ ಬೂಟು. ಏರಿಯ ಮೇಲೆ ತಾತ ಸಿಕ್ಕಿದ. ಅದೇ ಹರಿಗೋಲು. ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ ಬಂದಿತ್ತು, ಅದರ ಮೇಲೆ ಡಾಂಬರು ಬಳಿದಿದ್ದ. "ಇನ್ನೂ ಈ ಬುಟ್ಟೀಲೇ ಓಡಾಡ್ತಿದೀಯಾ ತಾತ?" ಎಂದು ನಕ್ಕೆ. ನನ್ನ ಜೊತೆಗಿದ್ದ ಗೆಳೆಯರೂ ನಕ್ಕರು. ಮೋಟರಿನ ಬಗ್ಗೆ ಹೇಳಿದೆ, ಈ ದಡದಿಂದ ಆ ದಡಕ್ಕೆ ಎರಡೇ ನಿಮಿಷ ಎಂದೆ. ಅವನು ನಗಲಿಲ್ಲ. ನನ್ನ ಬೂಟನ್ನೇ ನೋಡುತ್ತಾ ನಿಂತಿದ್ದ. ಅವನ ಮನಸ್ಸಿಗೆ ನೋವಾಯಿತು ಎಂದು ಆಮೇಲೆ, ತುಂಬಾ ಆಮೇಲೆ, ಅನ್ನಿಸಿತು. ಆಗ ಅನ್ನಿಸಲಿಲ್ಲ. ಕೆಲವು ವರ್ಷಗಳ ನಂತರ ಅಮ್ಮ ಬರೆಸಿದ ಕಾಗದದಲ್ಲಿ ಅವನು ತೀರಿಕೊಂಡ ಸುದ್ದಿ ಒಂದು ಸಾಲಿನಲ್ಲಿತ್ತು. ಅದರ ಮುಂದಿನ ಸಾಲು ಹಸು ಕರು ಹಾಕಿದ್ದು.

ನಮ್ಮ ಎಂಜಿನಿಯರ್ ಕೋರಿನ ಅಧಿಕಾರಿಗಳು ತೃಷ್ಣಾ ಎಂಬ ಹಾಯಿನೌಕೆಯಲ್ಲಿ 1985ರಲ್ಲಿ ಹೊರಟು, ಭೂಮಿಯನ್ನು ಸುತ್ತಿ 1987ರ ಜನವರಿಯಲ್ಲಿ ಮುಂಬಯಿಗೆ ಮರಳಿದರು. ಭಾರತೀಯರ ಹಾಯಿನೌಕೆಯೊಂದು ಭೂಮಿ ಸುತ್ತಿದ್ದು ಅದೇ ಮೊದಲು. ಬ್ಯಾರಕ್ಕಿನಲ್ಲಿ ಸಿಹಿ ಹಂಚಿದರು. ನಾನೂ ತಿಂದೆ, ಚಪ್ಪಾಳೆ ತಟ್ಟಿದೆ. ಒಳಗೊಳಗೆ ಮಾತ್ರ, ಮೋಟರು ಇರುವಾಗ ಇದೇಕೆ ಬೇಕು ಎಂದೇ ಇತ್ತು. ಗಾಳಿ ಬಂದರೆ ಹೋಗುವುದು, ಬರದಿದ್ದರೆ ಕೂರುವುದು. ನಾನು ಅಂಥ ಬದುಕಿನಿಂದ ತಪ್ಪಿಸಿಕೊಂಡು ಬಂದವನಲ್ಲವೇ? ಮಳೆಗೆ ಕಾಯುವುದು, ತೂಬಿನ ಸರದಿಗೆ ಕಾಯುವುದು, ಕಣದಲ್ಲಿ ಗಾಳಿಗೆ ಕಾಯುವುದು. ಕಾಯುವುದೆಂದರೆ ಬಡತನ ಎಂಬ ಭಾವನೆ ನನ್ನಲ್ಲಿ ಬಲವಾಗಿ ಬೇರೂರಿತ್ತು. ಹಗ್ಗ ಎಳೆದ ಕ್ಷಣವೇ ಹೊರಡುವ ಮೋಟರು ಅದಕ್ಕೇ ಅಷ್ಟು ಹಿಡಿಸಿದ್ದು.

1998ರಲ್ಲಿ ಬೆಂಗಳೂರಿಗೆ ವಾಪಸ್ಸು ಹಾಕಿದರು. ಆಗ ನಾನು ನಾಯಬ್ ಸುಬೇದಾರ್. ಹಲಸೂರು ಕೆರೆ ನಮ್ಮ ಸೆಂಟರಿಗೆ ಹೊಂದಿಕೊಂಡಂತೆ ಇದೆ. ಹಾಯಿದೋಣಿ ಕಲಿಯುವವರು ಅಲ್ಲಿ ಬೆಳಗ್ಗೆ ಸಂಜೆ ನೀರಿಗಿಳಿಯುತ್ತಿದ್ದರು. ಮಗುಚಿಕೊಂಡವರನ್ನು ಎತ್ತಲು ಒಂದು ಮೋಟರ್ ದೋಣಿ ಸಿದ್ಧವಿರಬೇಕು. ಆ ಕೆಲಸ ನನ್ನದು. ತಿಂಗಳುಗಟ್ಟಲೆ ದೂರದಲ್ಲಿ ನಿಂತು ನೋಡಿದೆ. ಹನ್ನೆರಡು ವರ್ಷದ ಮಕ್ಕಳು ಆಪ್ಟಿಮಿಸ್ಟ್ ಎಂಬ ಪೆಟ್ಟಿಗೆಯಂಥ ಪುಟ್ಟ ದೋಣಿಗಳಲ್ಲಿ ಹೋಗುತ್ತಿದ್ದರು. 1947ರಲ್ಲಿ ಅಮೆರಿಕದಲ್ಲಿ ಮಕ್ಕಳಿಗೆಂದೇ ರೂಪಿಸಿದ ದೋಣಿ ಅದು, ಎರಡೂಕಾಲು ಮೀಟರಿಗಿಂತ ತುಸು ಹೆಚ್ಚು ಉದ್ದ. ಒಂದು ಸಂಜೆ ಪೆಟ್ರೋಲ್ ಉಳಿಸೋಣವೆಂದು ಮೋಟರು ಬಂದ್ ಮಾಡಿ ಕೂತಿದ್ದೆ. ಒಬ್ಬ ಹುಡುಗ ನನ್ನ ಪಕ್ಕದಲ್ಲೇ ಹಾದುಹೋದ. ಅವನ ದೋಣಿಯ ಮೂತಿಯ ಕೆಳಗೆ ನೀರು ಸೀಳುವ ಸದ್ದು, ತುಂಬಿದ ಕೊಡದಿಂದ ಸಣ್ಣಗೆ ಬಗ್ಗಿಸಿದ ಹಾಗೆ. ಹದಿನೇಳು ವರ್ಷ ನೀರಿನ ಮೇಲಿದ್ದು ನಾನು ಕೇಳದ ಸದ್ದು. ಗೋದಾವರಿಯ ಆ ಕೊನೆಯ ಹತ್ತು ಮಾರು ನೆನಪಾಯಿತು. ಮರುದಿನ ಹೋಗಿ ನನಗೂ ಕಲಿಸಿ ಎಂದೆ.

ಕಲಿಸಲು ಬಂದವನು ಒಬ್ಬ ಹವಾಲ್ದಾರ್. ನನಗಿಂತ ಎಂಟು ವರ್ಷ ಕಿರಿಯ, ಹುದ್ದೆಯಲ್ಲೂ ಕೆಳಗೆ. ಅವನ ಅಪ್ಪ ಕಟ್ಟುಮರದಲ್ಲಿ ಹಾಯಿ ಎತ್ತಿ ಸಮುದ್ರಕ್ಕೆ ಹೋಗುತ್ತಿದ್ದವನು. ನನ್ನನ್ನು ಎಂಟರ್‌ಪ್ರೈಸ್ ದೋಣಿಯಲ್ಲಿ ಕೂರಿಸಿದ. ಇಬ್ಬರು ನಡೆಸುವ ದೋಣಿ, ನೀಲಿ ಹಾಯಿ ಅದರ ಗುರುತು. 1956ರಲ್ಲಿ ಇಂಗ್ಲೆಂಡಿನ ಜಾಕ್ ಹೋಲ್ಟ್ ರೂಪಿಸಿದ್ದು. ಚುಕ್ಕಾಣಿಯ ಹಿಡಿ ನನಗೆ ಹೊಸದಲ್ಲ. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ, ಮೋಟರಿನಲ್ಲೂ ಹಾಗೇ. ಎಲ್ಲ ಗೊತ್ತಿದೆ ಎಂದುಕೊಂಡೆ. ಹೊರಟ ಐದು ನಿಮಿಷದಲ್ಲಿ ಒಂದು ಬೀಸುಗಾಳಿ ಬಂದು ದೋಣಿ ವಾಲಿತು. ನನ್ನ ಬಲಗೈ ತಾನಾಗಿ ಹಿಡಿಯ ತುದಿಯನ್ನು ತಿರುವಿತು, ಮೋಟರಿನ ವೇಗ ಹೆಚ್ಚಿಸುವ ಹಾಗೆ. ಅಲ್ಲಿ ಬರೀ ಮರ. ಎಡಗೈಯಲ್ಲಿದ್ದ ಹಾಯಿಯ ಹಗ್ಗವನ್ನು ಮುಷ್ಟಿ ಬಿಗಿದು ಹಿಡಿದುಕೊಂಡೆ. ಮರುಕ್ಷಣ ಇಬ್ಬರೂ ನೀರಿನಲ್ಲಿದ್ದೆವು. ಬಾಯಿತುಂಬ ಪಾಚಿ.

ಹವಾಲ್ದಾರ್ ಮಗುಚಿದ ದೋಣಿಯ ನಡುಹಲಗೆಯ ಮೇಲೆ ನಿಂತು, ಹಗ್ಗ ಹಿಡಿದು ಹಿಂದಕ್ಕೆ ಬಾಗಿ ಅದನ್ನು ನೆಟ್ಟಗೆ ಮಾಡಿದ. ಆಮೇಲೆ ಮೆಲ್ಲಗೆ ಹೇಳಿದ: "ಸಾಬ್, ಮೋಟರಲ್ಲಿ ಕಷ್ಟ ಬಂದ್ರೆ ಹೆಚ್ಚು ಮಾಡ್ತೀರಿ. ಇಲ್ಲಿ ಕಷ್ಟ ಬಂದ್ರೆ ಬಿಡಬೇಕು. ಹಗ್ಗ ಬಿಟ್ರೆ ಹಾಯಿ ಗಾಳಿ ಚೆಲ್ಲುತ್ತೆ, ದೋಣಿ ಏಳುತ್ತೆ."

ಈ ಒಂದು ಪಾಠ ಕೈಗೆ ಇಳಿಯಲು ನನಗೆ ಎರಡು ತಿಂಗಳು ಹಿಡಿಯಿತು. ತಲೆಗೆ ಮೊದಲ ದಿನವೇ ಅರ್ಥವಾಗಿತ್ತು, ಮುಷ್ಟಿಗೆ ಆಗಲಿಲ್ಲ. ಹದಿನೇಳು ವರ್ಷದ ಅಭ್ಯಾಸ ಮುಷ್ಟಿಯಲ್ಲಿ ಕೂತಿತ್ತು. ಏನೂ ತಿಳಿಯದ ಮಕ್ಕಳು ವಾರದಲ್ಲಿ ಕಲಿತರು. ಮೋಟರು ತಿಳಿದಿದ್ದ ನಾನು ಹದಿನಾಲ್ಕು ಸಲ ಮಗುಚಿದೆ.

ಗಾಳಿಗೆ ನೇರ ಎದುರಾಗಿ ಹೋಗಲಾಗುವುದಿಲ್ಲ ಎಂಬುದು ಇನ್ನೊಂದು. ಮೋಟರಿನವನಿಗೆ ಆ ದಡದ ಗುರುದ್ವಾರ ಕಂಡರೆ ಮೂತಿಯನ್ನು ಅದಕ್ಕೇ ಇಟ್ಟು ಹೊರಡುವುದು ಸಹಜ. ಹಾಗೆ ಮೂತಿ ಇಟ್ಟಾಗ ಗಾಳಿ ಅಲ್ಲಿಂದಲೇ ಬರುತ್ತಿದ್ದರೆ ಹಾಯಿ ಪಟಪಟ ಹೊಡೆದುಕೊಳ್ಳುತ್ತದೆ, ದೋಣಿ ನಿಂತು, ಮೆಲ್ಲಗೆ ಹಿಂದಕ್ಕೆ ಜಾರುತ್ತದೆ. ಗಾಳಿಯ ದಿಕ್ಕಿನಿಂದ ಆ ಬದಿಗೆ ಸುಮಾರು 45 ಡಿಗ್ರಿ, ಈ ಬದಿಗೆ 45 ಡಿಗ್ರಿ, ಅಷ್ಟು ಜಾಗ ಹಾಯಿಗೆ ನಿಷಿದ್ಧ. ಅದರ ಅಂಚು ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಬೆಟ್ಟದ ಗಾಡಿರಸ್ತೆಯ ಹಾಗೆ ತಿರುವು ತೆಗೆದುಕೊಂಡು ಹತ್ತಬೇಕು. ದೇವರಾಯನದುರ್ಗಕ್ಕೆ ಬಸ್ಸು ಹತ್ತುವುದಿಲ್ಲವೇ, ಹಾಗೆ. ಪ್ರತಿ ತಿರುವಿನಲ್ಲೂ ತಲೆ ತಗ್ಗಿಸಿ, ಹಾಯಿಯ ಕೆಳಗಿನ ಅಡ್ಡಮರದ ಅಡಿಯಲ್ಲಿ ನುಸುಳಿ ಆ ಬದಿಗೆ ಹೋಗಿ ಕೂರಬೇಕು.

ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಹೋಗುವುದು ಎಲ್ಲರಿಗೂ ಅರ್ಥವಾಗುತ್ತದೆ. ಪಕ್ಕದಿಂದ ಬೀಸುವ ಗಾಳಿ ದೋಣಿಯನ್ನು ಮುಂದಕ್ಕೆ ಹೇಗೆ ಒಯ್ಯುತ್ತದೆ? ಬಹಳ ದಿನ ನನಗೆ ಹೊಳೆಯಲಿಲ್ಲ. ಬಾಗಿದ ಬಟ್ಟೆಯ ಮೇಲೆ ಹರಿಯುವ ಗಾಳಿ, ವಿಮಾನದ ರೆಕ್ಕೆಯನ್ನು ಎತ್ತುವ ಹಾಗೆ, ಹಾಯಿಯನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ನೀರಿನಲ್ಲಿ ಇಳಿಬಿಟ್ಟ ನಡುಹಲಗೆ ಪಕ್ಕಕ್ಕೆ ಸರಿಯಲು ಬಿಡುವುದಿಲ್ಲ. ಗಾಳಿ ಒಂದು ಕಡೆಯಿಂದ, ನೀರು ಇನ್ನೊಂದು ಕಡೆಯಿಂದ ಅಮುಕಿದಾಗ ದೋಣಿಗೆ ಉಳಿದ ದಾರಿ ಮುಂದಕ್ಕೊಂದೇ. ಚೇಳೂರು ಕಡೆಯ ಹಲಸಿನ ಹಣ್ಣು ಬಿಡಿಸಿದವರಿಗೆ ಇದು ಬೇಗ ತಿಳಿಯುತ್ತದೆ. ಲೋಳೆ ಹತ್ತಿದ ಬೀಜವನ್ನು ಎರಡು ಬೆರಳಲ್ಲಿ ಅಮುಕಿದರೆ ಚಂಗನೆ ಮುಂದಕ್ಕೆ ಹಾರುವುದಿಲ್ಲವೇ? ಆ ಹೋಲಿಕೆ ಒಂದು ಮಧ್ಯಾಹ್ನ ನನಗೆ ದೋಣಿಯಲ್ಲೇ ಹೊಳೆಯಿತು. ತಾತನ ಹರಿಗೋಲಿಗೆ ನಡುಹಲಗೆ ಇರಲಿಲ್ಲ. ಅದಕ್ಕೇ ಅವನ ಪಂಚೆ ಮೂಡಲಿಗೆ ಮಾತ್ರ ಒಯ್ಯುತ್ತಿತ್ತು. ಪಡುವಲಿಗೆ ಅವನ ಭುಜವೇ ಗತಿ. ಅವನಿಗೆ ಎಲ್ಲವೂ ತಿಳಿದಿತ್ತು ಎಂದು ಹೇಳಲಾರೆ. ಅರ್ಧ ತಿಳಿದಿತ್ತು, ಆ ಅರ್ಧವನ್ನು ಚೆನ್ನಾಗಿ ತಿಳಿದಿದ್ದ.

ಹಲಸೂರು ಕೆರೆಯ ನಡುವೆ ನಡುಗಡ್ಡೆಗಳಿವೆ, ಸುತ್ತಲೂ ಎತ್ತರದ ಕಟ್ಟಡಗಳು. ಅಲ್ಲಿ ಗಾಳಿ ಒಂದೇ ಸಮ ಬರುವುದಿಲ್ಲ, ಸಂದಿಯಿಂದ ಸಂದಿಗೆ ನುಗ್ಗುತ್ತದೆ. ಅದನ್ನು ಕಾಣಲು ಕಲಿಯಬೇಕೆಂದು ಹವಾಲ್ದಾರ್ ಹೇಳಿದ. ಗುರುದ್ವಾರದ ಕೇಸರಿ ಬಾವುಟ ಯಾವ ಕಡೆಗಿದೆ? ನಡುಗಡ್ಡೆಯ ಮರದ ಯಾವ ಕೊಂಬೆ ಅಲುಗಿತು? ನೀರಿನ ಮೇಲೆ ಕಪ್ಪಗೆ ಸುಕ್ಕು ಎಲ್ಲಿಂದ ಬರುತ್ತಿದೆ? ಆ ಸುಕ್ಕು ದೋಣಿ ಮುಟ್ಟುವ ಮೊದಲೇ ಹಗ್ಗ ಸಡಿಲಿಸಲು ಕೈ ಸಿದ್ಧವಿರಬೇಕು. ಮೋಟರಿನಲ್ಲಿ ನಾನು ನೀರನ್ನು ನೋಡುತ್ತಿದ್ದೆ, ಆಕಾಶವನ್ನು ನೋಡಿದ್ದು ಮಳೆ ಬರುತ್ತದೋ ಎಂದು ಮಾತ್ರ.

ಆ ವರ್ಷ ಸುಗ್ಗಿಯ ರಜೆಗೆ ಊರಿಗೆ ಹೋದಾಗ ಅಮ್ಮ ಕಣದಲ್ಲಿದ್ದಳು. ರಾಗಿ ತೂರಲು ಮೊರ ಹಿಡಿದು ಗಾಳಿಗೆ ಕಾಯುತ್ತಿದ್ದಳು. ಬಗ್ಗಿ ಚಿಟಿಕೆ ಮಣ್ಣು ತೆಗೆದು ಎದೆಯ ಮಟ್ಟದಿಂದ ಉದುರಿಸಿದಳು. ಮಣ್ಣು ಪಡುವಲಿಗೆ ಹಾರಿತು. ಅವಳು ಅರ್ಧ ಹೆಜ್ಜೆ ತಿರುಗಿ ನಿಂತಳು. ಹುಟ್ಟಿದಾಗಿನಿಂದ ನೋಡಿದ ದೃಶ್ಯ, ಆ ದಿನ ಮೈ ಜುಮ್ಮೆಂದಿತು. "ಗಾಳಿ ಬರುತ್ತೆ ಅಂತ ಹೆಂಗೆ ಗೊತ್ತಾಗುತ್ತಮ್ಮ?" ಎಂದೆ. ಇಂಥದ್ದನ್ನು ಕೇಳುತ್ತಾನಲ್ಲ ಎಂದು ಮುಖ ನೋಡಿದಳು. "ಅರಳಿ ಮರದ ತುದಿ ಎಲೆ ಮೊದ್ಲು ಮಾತಾಡ್ತದೆ. ಆಮೇಕೆ ಕೆಳಗಿನವು. ಅಷ್ಟ್ರಾಗೆ ಮೊರ ಎತ್ತಿರ್ಬೇಕು." ಗಾಳಿ ಬಂದಾಗ ತೂರಿಕೋ ಎಂದು ನಾವು ಯಾರು ಯಾರಿಗೋ ಬುದ್ಧಿ ಹೇಳುತ್ತೇವೆ. ತೂರುವವರ ಕಣ್ಣು ಎಲ್ಲಿರುತ್ತದೆಂದು ನಾನು ಗಮನಿಸಿದ್ದು ಅವತ್ತೇ. ಅಮ್ಮನ ಪಕ್ಕದಲ್ಲಿ ನಿಂತು ತೂರಿದೆ. ನನ್ನ ಹೊಟ್ಟು ಅವಳ ರಾಶಿಗೆ ಬಿತ್ತು. ಬೈದಳು. ಈಗ ನಮ್ಮ ಕಡೆ ಕಣ ಮಾಡುವವರು ಇಲ್ಲವಾಗಿದ್ದಾರೆ. ರಾಗಿಯನ್ನು ಡಾಂಬರು ರಸ್ತೆಗೆ ಹರಡುತ್ತಾರೆ, ವಾಹನಗಳ ಚಕ್ರ ತುಳಿಯುತ್ತದೆ, ಇಲ್ಲವೇ ಯಂತ್ರ ಬರುತ್ತದೆ. ಅಮ್ಮನ ಬೆನ್ನುನೋವು ಕಂಡಿದ್ದ ನಾನು ಯಂತ್ರ ಬೇಡ ಎನ್ನಲಾರೆ.

ನನ್ನ ಹೆಂಡತಿ ಕುಣಿಗಲ್‌ನವಳು. ಅವಳಪ್ಪ ಅಲ್ಲಿನ ಕುದುರೆ ಫಾರಂನಲ್ಲಿ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ಆಗಿದ್ದರು. ಟಿಪ್ಪು ಕಾಲದಿಂದ ಕುದುರೆ ಸಾಕಿದ ಜಾಗ ಅದು. ಹಗ್ಗ ಬಿಡಲು ಬಾರದ ನನ್ನ ಕಷ್ಟವನ್ನು ಮಾವನ ಬಳಿ ಹೇಳಿಕೊಂಡೆ. ಅವರು ಟವೆಲನ್ನು ಕಿಟಕಿ ಸರಳಿಗೆ ಕಟ್ಟಿ ಎರಡು ತುದಿ ನನ್ನ ಕೈಗಿತ್ತರು. "ಮೂರು ಬೆರಳಲ್ಲಿ ಹಿಡೀರಿ ಅಳಿಯಂದ್ರೆ. ಮುಷ್ಟಿ ಮಾಡ್ಬೇಡಿ. ಮುಷ್ಟಿ ಮಾಡಿದ್ರೆ ಕುದುರೆ ಏನು ಹೇಳ್ತಿದೆ ಅಂತ ಗೊತ್ತಾಗಲ್ಲ." ಹಲಸೂರಿಗೆ ಹಿಂದಿರುಗಿದ ಮೇಲೆ ಹಾಗೇ ಹಿಡಿದೆ. ಹಗ್ಗದ ಆ ತುದಿಯಲ್ಲಿ ಹಾಯಿ ಎಳೆಯುವುದು, ಸಡಿಲುವುದು, ನಡುಗುವುದು ಬೆರಳಿಗೆ ತಿಳಿಯತೊಡಗಿತು. ಅದಾದ ಮೇಲೆ ನಾನು ಮಗುಚಿದ್ದು ಒಂದೋ ಎರಡೋ ಸಲ.

ಮಾವ ನಮ್ಮನ್ನು ಮಾರ್ಕೋನಹಳ್ಳಿ ಅಣೆಕಟ್ಟಿಗೂ ಕರೆದುಕೊಂಡು ಹೋಗುತ್ತಿದ್ದರು. ನಮ್ಮ ಕಡಬದಿಂದ ಹರಿದ ಶಿಂಷೆಯೇ ಅಲ್ಲಿ ನಿಲ್ಲುವುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಕೆಲಸ. ನೀರು ಮಟ್ಟ ಮುಟ್ಟಿದ ಕೂಡಲೇ ಸೈಫನ್ನುಗಳು ತಾವೇ ಹೆಚ್ಚಿನ ನೀರನ್ನು ಎಳೆದು ಹೊರಹಾಕುತ್ತವೆ. ಗೇಟು ಎತ್ತುವವರು ಬೇಡ, ಮೋಟರು ಬೇಡ. ಮೊದಲ ಸಲ ನೋಡಿದಾಗ ಎಂಜಿನಿಯರ್ ಪಡೆಯವನಾದರೂ ನನಗೆ ಅದರ ಸೊಗಸು ಕಂಡಿರಲಿಲ್ಲ. ಹಾಯಿ ಕಲಿತ ಮೇಲೆ ಒಂದು ಗಂಟೆ ಅಲ್ಲೇ ನಿಂತಿದ್ದೆ.

ಅಮಾನಿಕೆರೆಯ ಭಾನುವಾರ ಕಳೆದು ಹದಿನೈದು ದಿನಕ್ಕೆ ಕಡಬಕ್ಕೆ ಹೋದೆ. ಊರಿನಲ್ಲಿ ಈಗ ನನ್ನದೆಂದು ಇರುವುದು ಎರಡು ಎಕರೆ ತೆಂಗಿನ ತೋಟ, ಅದೂ ಕೋರಿಗೆ ಕೊಟ್ಟಿದ್ದೇನೆ. ಹೇಮಾವತಿ ನಾಲೆ ಬಂದ ಮೇಲೆ ನಮ್ಮ ಕಡೆಯ ಕೆರೆಗಳ ಲೆಕ್ಕವೇ ಬೇರೆಯಾಗಿದೆ. ಮಳೆಯ ಜೊತೆಗೆ ನಾಲೆಯ ಸರದಿಗೂ ಕಾಯಬೇಕು. ಆ ನೀರನ್ನು ಕುಣಿಗಲ್ ಕಡೆಗೆ ನೇರ ಒಯ್ಯುವ ಲಿಂಕ್ ಕಾಲುವೆಯ ವಿಷಯಕ್ಕೆ ಗುಬ್ಬಿ, ತುಮಕೂರಿನ ರೈತರು ರಸ್ತೆಗಿಳಿದ ದಿನಗಳಲ್ಲಿ ನಮ್ಮ ಮನೆಯಲ್ಲಿ ಗಂಡ ಹೆಂಡತಿ ಟೀವಿ ನೋಡುತ್ತಾ ಮಾತಿಲ್ಲದೆ ಊಟ ಮಾಡಿದ್ದೇವೆ. ಎರಡೂ ಕಡೆಯ ತೋಟ ಒಣಗುವುದನ್ನು ಕಂಡವರು ನಾವು.

ತಾತನ ಮೊಮ್ಮಗ ಏರಿಯ ಕೆಳಗೆ ಬಲೆ ಬಿಡಿಸುತ್ತಿದ್ದ. ನಲವತ್ತರ ಆಸುಪಾಸು. ಅವನ ಹರಿಗೋಲು ಫೈಬರಿನದು, ನೀಲಿ ಬಣ್ಣ. ಮೀನು ಹಿಡಿಯುವುದು ಈಗ ಗುತ್ತಿಗೆಯ ಲೆಕ್ಕ, ಕಾಟ್ಲಾ, ರೋಹು ಮರಿ ಬಿಟ್ಟು ಬೆಳೆಸುತ್ತಾರೆ. ನನ್ನ ಗುರುತು ಹೇಳಿಕೊಂಡೆ. "ಓ, ಮಿಲ್ಟ್ರಿಯವ್ರು!" ಎಂದು ಎದ್ದು ನಿಂತ. ಅವನ ತಾತನ ಪಂಚೆಯ ಕಥೆ ಹೇಳಿದೆ. ಅವನಿಗೆ ಅದು ಗೊತ್ತೇ ಇಲ್ಲ. ನಾನು ಇಷ್ಟು ದಿನ ಎದೆಯಲ್ಲಿ ಇಟ್ಟುಕೊಂಡಿದ್ದ ಇನ್ನೊಂದು ಮಾತನ್ನೂ ಹೇಳಿದೆ. ಒಂದು ದಿನ ಇದೇ ಏರಿಯ ಮೇಲೆ ನಿಮ್ಮ ತಾತನ ಹರಿಗೋಲು ನೋಡಿ ನಕ್ಕಿದ್ದೆ, ತಪ್ಪು ಮಾಡಿದೆ ಎಂದೆ.

ಅವನು ತಲೆ ಅಲ್ಲಾಡಿಸಿದ. "ನಕ್ಕಿದ್ದು ನಮ್ ತಾತ ಯಾವತ್ತೂ ಹೇಳ್ಲಿಲ್ಲ ಬಿಡಿ. ಮೋಟರ್ ಇಷ್ಯ ಹೇಳ್ತಾನೇ ಇರೋದು. ಮಿಲ್ಟ್ರಿ ಹುಡ್ಗ ಬೆಂಗ್ಳೂರಿಗೆ ಕರ್ಕೊಂಡೋಗಿ ಮೋಟರ್ ದೋಣೀಲಿ ಕೂರಿಸ್ತೀನಿ ಅಂದವ್ನೆ ಅಂತ. ರಟ್ಟೆ ಬಿದ್ದೋಗಿತ್ತಲ್ಲ ಆವಾಗ, ಕೈ ಎತ್ತೋಕೇ ಆಗ್ತಿರ್ಲಿಲ್ಲ. ನಾನಿನ್ನೂ ಚಿಕ್ಕೋನು. ರಜಕ್ಕೆ ಬರ್ತಾನೆ, ಬರ್ತಾನೆ ಅಂತ ಏರಿ ಮ್ಯಾಲೆ ಕೂರೋದು."

ಕೂರಿಸುತ್ತೇನೆ ಎಂದದ್ದು ನನಗೆ ನೆನಪಿಲ್ಲ. ಈಗಲೂ, ಇದನ್ನು ಬರೆಯುವಾಗಲೂ, ಎಷ್ಟು ಹುಡುಕಿದರೂ ನೆನಪಾಗುತ್ತಿಲ್ಲ. ನಕ್ಕಿದ್ದು ನೆನಪಿದೆ, ಅವನು ಬೂಟು ನೋಡಿದ್ದು ನೆನಪಿದೆ. ಆ ನೋಟದಲ್ಲಿ ನೋವಿತ್ತೆಂದು ಇಷ್ಟು ವರ್ಷ ನಾನೇ ಅಂದುಕೊಂಡಿದ್ದೆ. ಹಾಯಿ ಕಲಿತ ಮೇಲೆ ಅವನನ್ನು ಗಾಳಿಯ ಗುರು ಎಂದು ಮನಸ್ಸಿನಲ್ಲಿ ಕೂರಿಸಿಕೊಂಡೆ, ಮೋಟರು ಅವನಿಗೆ ಬೇಡವಾಗಿತ್ತು ಎಂದುಕೊಂಡೆ. ಅವನು ನನ್ನ ಮೋಟರಿಗೆ ಕಾಯುತ್ತಿದ್ದ.

ಮೊಮ್ಮಗ ಹರಿಗೋಲನ್ನು ನೀರಿಗೆ ತಳ್ಳಿದ. ಕೂತೆ. ಪಡುವಲ ದಡದವರೆಗೆ ಹೋದೆವು. ಅಲ್ಲಿ ಬಲೆ ಇಳಿಸುತ್ತಾ ಅವನು ಕೇಳಿದ, ಇದಕ್ಕೆ ಸಣ್ಣದೊಂದು ಮೋಟರು ಕಟ್ಟಬಹುದೇ ಎಂದು. ದುಂಡನೆಯದಕ್ಕೆ ಕೂರುವುದಿಲ್ಲ, ಹಿಂಭಾಗ ಚಪ್ಪಟೆ ಇರುವ ದೋಣಿ ಬೇಕು, ಕೆರೆಗೆ ಎರಡೂವರೆ ಅಶ್ವಶಕ್ತಿಯದು ಸಾಕು ಎಂದೆ. ಹಳೆಯದು ಸಿಕ್ಕರೆ ಏನೇನು ನೋಡಿ ಕೊಳ್ಳಬೇಕು, ಶಿಯರ್ ಪಿನ್ನು ಎಷ್ಟು ಇಟ್ಟುಕೊಂಡಿರಬೇಕು, ಎಲ್ಲ ಹೇಳಿದೆ. ಅವನು ಫೋನಿನಲ್ಲಿ ಬರೆದುಕೊಂಡ. ನಾನು ಪಂಚೆ ಉಟ್ಟೇ ಹೋಗಿದ್ದೆ. ಹಿಂದಿರುಗುವಾಗ ಒಮ್ಮೆ ಎತ್ತಿ ಹಿಡಿದು ನೋಡಬೇಕೆಂಬ ಆಸೆ ತುಮಕೂರಿನಿಂದ ಹೊರಟಾಗಲೇ ಇತ್ತು. ಆದರೆ ಹೊತ್ತು ಮುಳುಗುವ ಹೊತ್ತಿಗೆ ಗಾಳಿ ಬಿದ್ದುಹೋಯಿತು. ಅರಳಿ ಮರದ ತುದಿಯ ಎಲೆಯೂ ಅಲುಗುತ್ತಿರಲಿಲ್ಲ. ಹುಟ್ಟು ಕೊಡು ಎಂದು ಈಸಿಕೊಂಡೆ. ಅವನು ಬೇಡವೆಂದರೂ ಬಿಡಲಿಲ್ಲ. ಮೂಡಲ ದಡ ಮುಟ್ಟುವಷ್ಟರಲ್ಲಿ ನನ್ನ ಬಲರಟ್ಟೆ ಹಿಡಿದುಕೊಂಡು, ಕೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ.